ಸೋಮವಾರದ ಮೂಗುದಾರ

ಕುಪ್ಪಗಡ್ಡೆ
22-4-1958

ಅಣ್ಣ ಮಹೇಶ್ವರಪ್ಪನಿಗೆ ನೀಲಾಂಬಿಕೆಯ ಶರಣು.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. ಆನವಟ್ಟಿ ಸಂತೆಯಲ್ಲಿ ಅಷ್ಟು ಜನರ ಎದುರು ನನ್ನ ಗಂಡನ ರಟ್ಟೆ ಹಿಡಿದು ಟ್ರ್ಯಾಕ್ಟರಿನಿಂದ ಕೆಳಗಿಳಿಸಿದೆಯಲ್ಲ, ಅದನ್ನು ನೀನು ಒಂದು ಗಳಿಗೆಯ ಕೋಪ ಅಂದುಕೊಂಡಿರಬಹುದು. ಈ ಮನೆಯಲ್ಲಿ ಅದು ಇವತ್ತಿಗೂ ಮುಗಿದಿಲ್ಲ. ಬಳೆಗಾರನ ಅಂಗಡಿಗೆ ಮುಂದಿನ ಚಕ್ರ ನುಗ್ಗಿದ್ದು ನಿಜ. ಅವರು ಸ್ಟೇರಿಂಗನ್ನು ಎದೆಗೆ ಎಳೆದುಕೊಂಡು, ಎತ್ತಿಗೆ ಹೇಳುವ ಹಾಗೆ "ಹೋ, ಹೋ" ಅಂದಿದ್ದೂ ನಿಜ. ಜನ ನಕ್ಕರು, ನಕ್ಕು ಮನೆಗೆ ಹೋದರು. "ಎತ್ತಿನ ಬಾಲ ಹಿಡಿದ ಕೈಗೆ ಇದೆಲ್ಲ ಒಗ್ಗಲ್ಲ, ಇಳೀರಿ ಭಾವ" ಎಂದ ನಿನ್ನ ಮಾತು ಮಾತ್ರ ಇಲ್ಲೇ ಉಳಿಯಿತು. "ನಿಮ್ಮಣ್ಣ ಇನ್ನು ನನ್ನ ಹೊಸಿಲು ತುಳಿಯೋದು ಬ್ಯಾಡ" ಅಂದವರು ಇವತ್ತಿಗೂ ಅದೇ ಮಾತಿನಲ್ಲಿದ್ದಾರೆ.

ಈ ಸಣ್ಣ ಟ್ರ್ಯಾಕ್ಟರನ್ನು ನೀನು ಕೆಲಸಕ್ಕಿದ್ದ ಕಾಫಿ ತೋಟದಿಂದ ಕೊಡಿಸಿದವನು ನೀನೇ. ದೊಡ್ಡದಾಗಿದ್ದರೆ ನಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಈಗ ಹೋರಿಗಳ ಪಕ್ಕದಲ್ಲೇ ನಿಲ್ಲುತ್ತದೆ. ಗೊಬ್ಬರ ಹೊರುತ್ತದೆ, ಹುಲ್ಲು ತರುತ್ತದೆ, ಪಂಪಿಗೆ ಪಟ್ಟಾ ಹಾಕಿದರೆ ಬಾವಿಯ ನೀರೆತ್ತುತ್ತದೆ. ಆದರೆ ಯುಗಾದಿ ಆದಾಗಿನಿಂದ ಬೆಳಗ್ಗೆ ಶುರುವಾಗುವುದೇ ಇಲ್ಲ. ಅವರು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿ ಬಯ್ಯುತ್ತಾರೆ. ಯಾರನ್ನು ಅಂತ ಕೇಳಬೇಡ.

ಸೋಮವಾರ ನಾವು ಬೇಸಾಯಕ್ಕೆ ಎತ್ತು ಹೂಡುವುದಿಲ್ಲವಲ್ಲ, ನಮ್ಮ ಅತ್ತೆ ಬಸವಣ್ಣೆಮ್ಮನವರು ಟ್ರ್ಯಾಕ್ಟರಿಗೂ ಅದೇ ಕಟ್ಟಳೆ ಹಾಕಿದ್ದಾರೆ. "ಈ ಮನೆಯಾಗೆ ದುಡಿಯೋದಕ್ಕೆಲ್ಲ ಸೋಮವಾರ ಬಿಡುವು. ಹುಲ್ಲು ತಿನ್ನಲಿ, ಎಣ್ಣೆ ಕುಡೀಲಿ" ಅಂದುಬಿಟ್ಟರು. ಅವತ್ತು ಇವರು ಸೀಮೆಎಣ್ಣೆ ತರಲು ಆನವಟ್ಟಿಗೆ ಹೋಗುತ್ತಾರೆ. ಅಷ್ಟು ಹೊತ್ತು ಅದು ನನ್ನ ಕೈಗೆ ಸಿಗುತ್ತದೆ. ಏನು ಮಾಡಬೇಕು, ಬಿಡಿಸಿ ಬರೆ. ನಿನ್ನ ಸೈಕಲ್ಲಿನ ಚೈನು ಕಳಚಿದಾಗಲೆಲ್ಲ ಹಾಕಿಕೊಡುತ್ತಿದ್ದವಳು ನಾನೇ.

ಇನ್ನೊಂದು ಮಾತು. ನಿಜವಾಗಿ ಇದಕ್ಕೇ ಕಾಗದ ಹಿಡಿದದ್ದು. ಪಕ್ಕದ ಹೊಲದ ಹನುಮಂತಪ್ಪನವರು ಹೊಸ ಗದ್ದೆ ಮಾಡಿಸುತ್ತಿದ್ದಾರೆ. ಅಲ್ಲಿರುವ ಮತ್ತಿಮರದ ಬೊಡ್ಡೆಗಳನ್ನು ಕೀಳಿಸಿಕೊಡುತ್ತೇನೆ ಅಂತ ಇವರು ಒಪ್ಪಿಕೊಂಡಿದ್ದಾರೆ. ಮೊನ್ನೆ ಸರಪಳಿ ಕಟ್ಟಿ ಎಳೆದರು. ಬೊಡ್ಡೆ ಅಲುಗಲಿಲ್ಲ, ಟ್ರ್ಯಾಕ್ಟರಿನ ಮುಂದಿನ ಚಕ್ರ ಎರಡೂ ಮೇಲೆದ್ದವು. ನನ್ನ ಎದೆಮಟ್ಟಕ್ಕೆ ಎದ್ದವು ಅಣ್ಣ. ಇವರು ಸ್ಟೇರಿಂಗನ್ನು ಎಳೆದು ಹಿಡಿದು "ಹೋ" ಅಂತ ಕೂಗುತ್ತಿದ್ದರು. ಕಾಲು ಎರಡೂ ಮೇಲಕ್ಕೆ ಮಡಚಿದ್ದರು, ಬಂಡಿ ಹೊಡೆಯುವಾಗ ಕೂರುವ ಹಾಗೆ. ಅಷ್ಟರಲ್ಲಿ ಬೇರು ಕಿತ್ತು ಬಂತು, ಚಕ್ರ ನೆಲಕ್ಕೆ ಬಿತ್ತು. ನಾನು ಬುತ್ತಿ ಹಿಡಿದು ಬದುವಿನ ಮೇಲೆ ನಿಂತಿದ್ದೆ. ನನಗೆ ಅವತ್ತಿನಿಂದ ಊಟ ಸೇರುತ್ತಿಲ್ಲ.

ಅದು ಯಾಕೆ ಏಳುತ್ತದೆ, ಮತ್ತೆ ಏಳದ ಹಾಗೆ ಏನು ಮಾಡಬೇಕು, ಬೇಗ ಬರೆ.

ನಿನ್ನ ತಂಗಿ
ನೀಲಾ

⁂

ಬಳ್ಳಿಗಾವಿ
29-4-1958

ನೀಲಾಳಿಗೆ ಆಶೀರ್ವಾದ.

ಮೊದಲು ಸುಲಭದ್ದು. ಪ್ಲಗ್ಗುಗಳಿಗೆ ಮಸಿ ಹಿಡಿದಿದೆ. ಬಿಚ್ಚಿ, ಮೊಂಡು ಚಾಕುವಿನಿಂದ ಮೆಲ್ಲಗೆ ಕೆರೆದು, ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಹಾಕು. ಭಾವ ಸಂಜೆ ಸೀಮೆಎಣ್ಣೆಯಲ್ಲೇ ಇಂಜಿನ್ ನಿಲ್ಲಿಸುತ್ತಿರಬೇಕು. ಶುರು ಮಾಡುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಮತ್ತೆ ಪೆಟ್ರೋಲು. ಹೀಗೆ ಮಾಡಿದರೆ ಬೆಳಗ್ಗೆ ತಕರಾರು ಮಾಡುವುದಿಲ್ಲ. ಹ್ಯಾಂಡಲ್ ಮಾತ್ರ ನೀನು ಮುಟ್ಟಬೇಡ. ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಇನ್ನು ಬೊಡ್ಡೆಯ ವಿಷಯ. ನೀನು ಬರೆದದ್ದನ್ನು ಎರಡು ಸಲ ಓದಿದೆ. ತೋಟದಲ್ಲಿ ಉಚ್ಚಂಗಪ್ಪ ಅಂತ ಡ್ರೈವರ್ ಇದ್ದ. ಅವನದೂ ಹೀಗೇ ಮುಂದಿನ ಚಕ್ರ ಎದ್ದಿತು. ಮುಂದಕ್ಕೆ ಬೀಳಲಿಲ್ಲ, ಹಿಂದಕ್ಕೆ ಮಗುಚಿ ಅವನ ಮೇಲೇ ಬಿತ್ತು. ಅವನನ್ನು ಕೆಳಗಿನಿಂದ ಎಳೆದು ತೆಗೆದವರಲ್ಲಿ ನಾನೂ ಒಬ್ಬ. ಆನವಟ್ಟಿಯಲ್ಲಿ ಭಾವ ಕಾಲು ಮೇಲೆತ್ತಿದ್ದನ್ನು ಕಂಡಾಗ ನನ್ನ ಕಣ್ಣೆದುರು ಅವನೇ ಬಂದ. ಅದಕ್ಕೆ ರಟ್ಟೆಗೆ ಕೈ ಹಾಕಿದೆ. ಜನ ನಕ್ಕದ್ದು ನನಗೆ ಕೇಳಿಸಲೂ ಇಲ್ಲ.

ಭಾವ ಸರಪಳಿಯನ್ನು ಸೀಟಿನ ಕೆಳಗೆ ಎತ್ತರದಲ್ಲಿ ಕಟ್ಟುತ್ತಾರೆ. ಎತ್ತಿನ ನೊಗ ಹೆಗಲ ಮೇಲಿರುತ್ತದಲ್ಲ, ಆ ಲೆಕ್ಕ ಅವರದು. ಇಲ್ಲಿ ಅದು ತಪ್ಪು. ಹಿಂಭಾಗದಲ್ಲಿ ನೆಲಕ್ಕೆ ಹತ್ತಿರ ಒಂದು ಕಬ್ಬಿಣದ ಪಟ್ಟಿಯಿದೆ, ಅಲ್ಲಿಗೇ ಕಟ್ಟಬೇಕು. ಮೂತಿಯ ಬಳಿ ನಾನು ಬಿಗಿದ ಕಬ್ಬಿಣದ ತೂಕಗಳನ್ನು ತೆಗೆಯಬಾರದು. ಚಕ್ರ ಎದ್ದಿತು ಅನ್ನಿಸಿದ ತಕ್ಷಣ ಎಡಗಾಲಿನಿಂದ ಕ್ಲಚ್ಚು ತುಳಿಯಬೇಕು. ಕೈಯಿಂದ ಏನೂ ಆಗುವುದಿಲ್ಲ, ಜೀವ ಉಳಿಯುವುದು ಕಾಲಿನಲ್ಲಿ. ಬಂಡಿ ಹೊಡೆದವರಿಗೆ ಗಾಬರಿಯಾದರೆ ಕೈ ಎಳೆಯುತ್ತದೆ, ಕಾಲು ಏಳುತ್ತದೆ. ಇದನ್ನು ಅವರಿಗೆ ಹೇಳು.

ನಾನು ಬರುವ ಹಾಗಿಲ್ಲ. ಹೊಸಿಲು ತುಳಿಯಬೇಡ ಅಂದವರ ಮನೆಗೆ ನಾನಾಗಿ ಬರುವುದಿಲ್ಲ.

ಮಹೇಶ್ವರಪ್ಪ

⁂

ಕುಪ್ಪಗಡ್ಡೆ
13-5-1958

ಅಣ್ಣನಿಗೆ ಶರಣು.

ಪ್ಲಗ್ಗು ತಿಕ್ಕಿದೆ. ಮಂಗಳವಾರ ಬೆಳಗ್ಗೆ ಒಂದೇ ಏಟಿಗೆ ಶುರುವಾಯಿತು. "ನೋಡು, ಒಂದು ದಿನ ಬಿಡುವು ಕೊಟ್ಟರೆ ಹೆಂಗೆ ಹುರುಪಾಗ್ತೈತೆ" ಅಂತ ಅತ್ತೆ ಬೀಗಿದರು. ಇವರೂ ಹೌದು ಅಂದರು. ನಾನು ರೊಟ್ಟಿ ತಟ್ಟುತ್ತಿದ್ದೆ, ಉಗುರಿನ ಸಂದಿಯ ಮಸಿ ಮಾತ್ರ ಹೋಗಿರಲಿಲ್ಲ.

ಇಷ್ಟು ಚೆನ್ನಾಗಿ ಹೋಯಿತಲ್ಲ ಅಂತ ಧೈರ್ಯ ಮಾಡಿ, ಊಟಕ್ಕೆ ಬಡಿಸುವಾಗ ಸರಪಳಿಯ ಮಾತು ತೆಗೆದೆ. "ಕೆಳಗೆ ಕಟ್ಟಿದರೆ ಒಳ್ಳೇದಂತೆ ರೀ" ಅಂದೆ. ತುತ್ತು ಕೈಯಲ್ಲೇ ನಿಂತಿತು.

"ಯಾರಂತೆ?"

ನಾನು ಪಲ್ಯದ ಪಾತ್ರೆಗೆ ಕೈ ಹಾಕಿದೆ.

"ಬಳ್ಳಿಗಾವಿಯಿಂದ ಕಾಗದ ಬರ್ತೈತೆ, ನಾನು ಬ್ಯಾಡ ಅಂದಿಲ್ಲ. ನಿಮ್ಮಣ್ಣ, ನಿನ್ನ ಹಕ್ಕು. ಆದರೆ ಅವರ ಮಾತನ್ನ ನನ್ನ ತಟ್ಟೆಗೆ ಬಡಿಸಬ್ಯಾಡ" ಅಂದರು. ಎದ್ದು ಕೈ ತೊಳೆದರು. ಮಾರನೆಯ ದಿನ ಹೋಗಿ ನೋಡಿದರೆ ಸರಪಳಿಯನ್ನು ಮೊದಲಿಗಿಂತ ಒಂದು ಗೇಣು ಮೇಲೆ ಕಟ್ಟಿದ್ದಾರೆ. ನಾನು ಹೇಳದೇ ಇದ್ದಿದ್ದರೆ ಆ ಗೇಣಾದರೂ ಕೆಳಗಿರುತ್ತಿತ್ತು. ಇನ್ನು ಕಾಲಿನ ಮಾತು ಎತ್ತುವುದಾದರೂ ಹೇಗೆ?

ಆದ್ದರಿಂದ ಹೇಳಿ ಮಾಡಿಸುವ ದಾರಿ ಬೇಡ. ಬಾಯಿ ಬಿಡದೆ ಆಗುವಂಥದ್ದು ಏನಾದರೂ ಇದ್ದರೆ ಬರೆ. ಆ ಗದ್ದೆಯಲ್ಲಿ ಬೊಡ್ಡೆಗಳು ಇನ್ನೂ ಬೇಕಾದಷ್ಟಿವೆ. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ದೊಡ್ಡವಕ್ಕೆ ಕೈ ಹಾಕುತ್ತಾರಂತೆ.

ಅವ್ವನಿಗೆ ಹೇಳು, ನನಗೆ ಬೆಳಗಿನ ವಾಂತಿ ನಿಂತಿದೆ. ಅವಳಿಗೆ ಅರ್ಥವಾಗುತ್ತದೆ. ನಿನಗೂ ಆಗಿರಬೇಕು.

ನೀಲಾ

⁂

ಬಳ್ಳಿಗಾವಿ
20-5-1958

ನೀಲಾ,

ಅವ್ವ ಕಾಗದ ಕೇಳಿ ಅತ್ತಳು, ಆಮೇಲೆ ಅಕ್ಕಪಕ್ಕದವರಿಗೆಲ್ಲ ಬೆಲ್ಲ ಹಂಚಿ ಬಂದಳು. ಸಂತೋಷದ ಸುದ್ದಿಯನ್ನು ಇಂಥ ಕಾಗದದ ಕೊನೆಯಲ್ಲಿ ಬರೆಯುತ್ತಾರೆಯೇ, ನೀನೊಬ್ಬಳು.

ಬಾಯಿ ಬಿಡದೆ ಆಗುವಂಥದ್ದು ನನಗೆ ಹೊಳೆಯುತ್ತಿಲ್ಲ. ಕಾಲಿಗೆ ಬೇರೆಯವರಿಂದ ಕಲಿಸಲಾಗುವುದಿಲ್ಲ. ಒಂದು ಉಂಟು. ಸ್ಟೇರಿಂಗಿನ ಕೆಳಗೆ ಇಂಜಿನ್ ನಿಲ್ಲಿಸುವ ಗುಂಡಿಯಿದೆಯಲ್ಲ, ಅದನ್ನು ಹೊರಕ್ಕೆ ಎಳೆದರೆ ಇಂಜಿನ್ ಆ ಕ್ಷಣಕ್ಕೆ ಸಾಯುತ್ತದೆ. ಚಕ್ರ ತೀರ ಮೇಲೇರಿರದಿದ್ದರೆ ಮೂತಿ ಕೆಳಗಿಳಿಯುತ್ತದೆ. ಆದರೆ ಗಾಬರಿಯಲ್ಲಿ ಅಷ್ಟು ಸಣ್ಣ ಗುಂಡಿಯನ್ನು ಯಾರು ಹುಡುಕುತ್ತಾರೆ? ಕೈ ದೊಡ್ಡದನ್ನೇ ಹಿಡಿಯುತ್ತದೆ. ಆ ದಾರಿಯನ್ನು ಬಿಟ್ಟುಬಿಡು.

ಹನುಮಂತಪ್ಪನವರಿಗೆ ಹೇಳಿ ಕೆಲಸವನ್ನೇ ನಿಲ್ಲಿಸಲಾಗುವುದಿಲ್ಲವೇ, ವಿಚಾರಿಸು.

ಮಹೇಶ್ವರಪ್ಪ

⁂

ಕುಪ್ಪಗಡ್ಡೆ
3-6-1958

ಅಣ್ಣನಿಗೆ ಶರಣು.

ಕೆಲಸ ನಿಲ್ಲಿಸುವ ಮಾತು ಆಗದು. ಆನವಟ್ಟಿಯಲ್ಲಿ ನಕ್ಕವರಲ್ಲಿ ಹನುಮಂತಪ್ಪನವರೂ ಇದ್ದರು. ಅದಕ್ಕೇ ಇವರು ಅವರ ಗದ್ದೆಯನ್ನೇ ಹಿಡಿದಿರುವುದು.

ಮೊನ್ನೆ ಭಾನುವಾರ ಕಾರಹುಣ್ಣಿಮೆ ಆಯಿತು. ಈ ಕಡೆ ದನಗಳ ಸಿಂಗಾರ ದೀಪಾವಳಿಗೇ ಹೆಚ್ಚು, ನಾನು ತವರಿನ ರೂಢಿ ಬಿಟ್ಟಿಲ್ಲ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೊಸ ಮೂಗುದಾರ ಹಾಕಿದೆವು. ಆಮೇಲೆ ನಾನು ಅತ್ತೆಯನ್ನು ಕೇಳಿದೆ, "ಸೋಮವಾರ ಬಿಡುವು ಕೊಟ್ಟ ಮೇಲೆ ಇದಕ್ಕೂ ಹಬ್ಬ ಬ್ಯಾಡವೇನ್ರೀ ಅತ್ತೆ?" ಅಂತ. ಅವರಿಗೆ ಬಹಳ ಹಿಡಿಸಿತು. ಟ್ರ್ಯಾಕ್ಟರಿಗೆ ವಿಭೂತಿ ಹಚ್ಚಿ, ಗೆಜ್ಜೆಸರ ಕಟ್ಟಿ, ಕೆಂಪು ಬಣ್ಣದಲ್ಲಿ ಅದ್ದಿದ ಹೊಸ ಹಗ್ಗವನ್ನು ಮೂಗುದಾರ ಅಂತ ಹಾಕಿದೆ.

ಹಗ್ಗ ಮೂತಿಯಿಂದ ಹೊರಟು ಸೀಟಿನ ತನಕ ಬರುತ್ತದೆ. ನೋಡಿದವರಿಗೆ ಹಾಗೆ ಕಾಣುತ್ತದೆ. ನಿಜದಲ್ಲಿ ಮೂತಿಯ ಕಡೆಯದು ಬರೀ ಸಿಂಗಾರ. ಸೀಟಿನ ಕಡೆಯ ತುಂಡನ್ನು ಬಾನೆಟ್ಟಿನ ಒಳಗಡೆ ತಂತಿಯಿಂದ ಆ ಗುಂಡಿಯ ಸರಳಿಗೆ ಬಿಗಿದಿದ್ದೇನೆ. ಇನ್ನೊಂದು ತುದಿ ಸ್ಟೇರಿಂಗಿನ ಪಕ್ಕದಲ್ಲೇ, ಅವರ ಕೈಗೆ ಎಟಕುವ ಹಾಗೆ ಇದೆ. ನೀನೇ ಬರೆದಿದ್ದೀಯಲ್ಲ, ಗಾಬರಿಯಾದರೆ ಅವರ ಕೈ ಎಳೆಯುತ್ತದೆ ಅಂತ. ಎಳೆಯಲಿ. ಹುಟ್ಟಿದಾಗಿನಿಂದ ಬಂದ ರೂಢಿಯನ್ನು ಬಿಡಿಸಲಾಗದಿದ್ದರೆ, ಅದರ ಕೈಗೇ ಒಂದು ಹಗ್ಗ ಕೊಡುವುದು ಅಂದುಕೊಂಡೆ.

ಇವರು ಬಂದು ನೋಡಿದರು. ಹಗ್ಗ ಮುಟ್ಟಿದರು. "ಮೂಗುದಾರ ಇಲ್ಲದ ಎತ್ತು ಬೋಳು ಬೋಳು ಕಾಣ್ತಿತ್ತು, ಈಗ ಸರಿ ಆತು ನೋಡು" ಅಂದರು. ಆನವಟ್ಟಿಯ ಸಂತೆ ಆದಮೇಲೆ ಅವರು ಅದನ್ನು ನೋಡಿ ನಕ್ಕದ್ದು ಇದೇ ಮೊದಲು.

ನೀಲಾ

⁂

ಬಳ್ಳಿಗಾವಿ
10-6-1958

ನೀಲಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಿದ್ದೆ ಬರಲಿಲ್ಲ. ನಿನ್ನ ತಲೆಗೆ ಏನು ಹೇಳಲಿ. ಆ ಹಗ್ಗ ಕೆಲಸ ಮಾಡಬಹುದು. ಮಾಡದೆಯೂ ಇರಬಹುದು. ಪುಂಡಿನಾರಿನ ಹಗ್ಗ ಮಳೆಯಲ್ಲಿ ನೆನೆದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ, ಇಂಜಿನ್ ಅದುರಿ ಅದುರಿ ತಂತಿಯನ್ನು ಸವೆಸುತ್ತದೆ. ಪ್ರತಿ ಸೋಮವಾರ ಬಾನೆಟ್ಟು ಎತ್ತಿ ತಂತಿ ನೋಡಲೇಬೇಕು. ಒಂದು ವಾರ ತಪ್ಪಿದರೂ ಆ ಹಗ್ಗವನ್ನು ನಂಬುವಂತಿಲ್ಲ.

ನನಗೆ ಇದು ಸರಿ ಕಾಣುತ್ತಿಲ್ಲ ಅಂತಲೂ ಹೇಳಿಬಿಡುತ್ತೇನೆ. ತನ್ನ ಜೀವ ಯಾವುದರಲ್ಲಿ ನಿಂತಿದೆ ಅನ್ನುವುದು ಮನುಷ್ಯನಿಗೆ ಗೊತ್ತಿರಬೇಕು. ಒಳ್ಳೆಯ ಗಳಿಗೆ ನೋಡಿ ಭಾವನಿಗೆ ತಿಳಿಸು.

ಮಹೇಶ್ವರಪ್ಪ

⁂

ಕುಪ್ಪಗಡ್ಡೆ
8-7-1958

ಅಣ್ಣ,

ಆಯಿತು. ಯಾವುದಕ್ಕೆ ಹೆದರಿದ್ದೆನೋ ಅದು ಆಯಿತು, ಅವರು ಬದುಕಿದ್ದಾರೆ.

ಶುಕ್ರವಾರ ಹನುಮಂತಪ್ಪನವರ ಗದ್ದೆಯಲ್ಲಿ ಮತ್ತೆ ಸರಪಳಿ ಕಟ್ಟಿದರು. ನಾನು ನೋಡಲಿಲ್ಲ, ನೋಡಿದವರು ಹೇಳಿದ್ದು. ಮೂತಿ ಎದ್ದಿತಂತೆ. ಇವರು "ಹೋ" ಅಂತ ಕೂಗಿ ಕೆಂಪು ಹಗ್ಗ ಜಗ್ಗಿದರಂತೆ. ಇಂಜಿನ್ ತಟ್ಟನೆ ನಿಂತು ಮೂತಿ ಕೆಳಗೆ ಕೂತಿತಂತೆ. ಹನುಮಂತಪ್ಪನವರು ತಮ್ಮ ಜಗಲಿಯಲ್ಲಿ ಕೂತು ಹೇಳುತ್ತಿದ್ದಾರೆ, "ಬೆನಕಪ್ಪನ ಮಾತನ್ನ ಕಬ್ಬಿಣಾನೂ ಕೇಳ್ತೈತೆ ಮಾರಾಯ, ಹೋ ಅಂದ್ರೆ ನಿಂತುಬಿಡ್ತು" ಅಂತ. ಅವತ್ತು ನಕ್ಕ ಬಾಯಿಯೇ ಇವತ್ತು ಹೀಗೆ ಹೇಳುತ್ತಿದೆ. ಇವರು ಮನೆಗೆ ಬಂದಾಗ ಅತ್ತೆ ನಿವಾಳಿಸಿ ಒಳಗೆ ಕರೆದರು. ನಾನು ಹಿತ್ತಲಿಗೆ ಹೋಗಿ ಕೂತು ಅತ್ತುಬಿಟ್ಟೆ.

ಈಗ ಕೇಳು, ಸಂಕಟ ಇಲ್ಲಿಂದಲೇ ಶುರುವಾಗಿದೆ. ಇವರಿಗೆ ಭಯವೇ ಹೋಗಿಬಿಟ್ಟಿದೆ. ಮೂತಿಯ ಮೇಲೆ ನೀನು ಬಿಗಿದಿದ್ದ ತೂಕಗಳನ್ನು ಮೊನ್ನೆ ಬಿಚ್ಚಿ ಕೊಟ್ಟಿಗೆಯ ಮೂಲೆಗೆ ಹಾಕಿದರು. "ಮಾತು ಕೇಳೋ ಎತ್ತಿನ ಮೂಗಿನ ಮ್ಯಾಲೆ ಇಷ್ಟು ಭಾರ ಯಾಕೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕೆರೆ ಏರಿಯ ಹತ್ತಿರ ಒಂದು ಹಳೆಯ ಹೊನ್ನೆಮರದ ಬೊಡ್ಡೆಯಿದೆ. ಅದನ್ನು ಯಾರ ಎತ್ತುಗಳೂ ಅಲುಗಿಸಿಲ್ಲ. ಅದಕ್ಕೂ ಕೈ ಹಾಕುತ್ತಾರಂತೆ.

ಸೋಮವಾರ ಬಾನೆಟ್ಟು ಎತ್ತಿ ನೋಡಿದೆ. ತಂತಿಯ ಎಳೆಗಳು ಕೆಲವು ಕಡಿದಿದ್ದವು. ಹೊಸದು ಹಾಕಿದೆ.

ನೀಲಾ

⁂

ಬಳ್ಳಿಗಾವಿ
14-7-1958

ನೀಲಾ,

ಸಾಕು. ಇನ್ನು ನಾನೇ ಭಾವನಿಗೆ ನೇರವಾಗಿ ಬರೆಯುತ್ತೇನೆ. ನಿಮ್ಮ ಎತ್ತು ಮಾತು ಕೇಳಲಿಲ್ಲ, ನನ್ನ ತಂಗಿ ಕಟ್ಟಿದ ತಂತಿ ನಿಮ್ಮನ್ನು ಉಳಿಸಿತು ಅಂತ ಬರೆಯುತ್ತೇನೆ. ಸಿಟ್ಟಾದರೆ ಆಗಲಿ. ಹೊಸಿಲು ಹೇಗೂ ಮುಚ್ಚಿದೆ, ಕಳೆದುಕೊಳ್ಳುವುದು ನನಗೇನಿದೆ? ಹೊನ್ನೆ ಬೊಡ್ಡೆಯ ಬೇರು ಎಷ್ಟು ಆಳ ಹೋಗಿರುತ್ತದೆ ಅಂತ ನಿನಗೆ ಗೊತ್ತಿಲ್ಲ. ಅದು ಕಿತ್ತು ಬರುವುದಿಲ್ಲ. ಟ್ರ್ಯಾಕ್ಟರೇ ಏಳುತ್ತದೆ.

ನಿನ್ನ ಉತ್ತರಕ್ಕೆ ಒಂದು ವಾರ ಕಾಯುತ್ತೇನೆ.

ಮಹೇಶ್ವರಪ್ಪ

⁂

ಕುಪ್ಪಗಡ್ಡೆ
18-7-1958

ಅಣ್ಣ,

ಬರೆಯಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ.

ಸಂತೆಯಿಂದ ಬಂದ ಮೇಲೆ ಅವರು ಹೇಗಿದ್ದರು ಅಂತ ನೀನು ನೋಡಿಲ್ಲ. ಊರಿನ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಿದ್ದರು. ಈಗ ನಾಲ್ಕು ಜನರ ನಡುವೆ ಕೂತು ಮಾತಾಡುತ್ತಾರೆ. ಹೆಂಡತಿಯ ಹಗ್ಗದಿಂದ ಬದುಕಿದೆ ಅಂತ ತಿಳಿದರೆ, ಅದನ್ನು ನಿನ್ನ ಕೈಯಿಂದ ತಿಳಿದರೆ, ಹಗ್ಗ ಕಿತ್ತು ಬಿಸಾಡಿ ನೇರ ಆ ಹೊನ್ನೆ ಬೊಡ್ಡೆಗೇ ಹೋಗುತ್ತಾರೆ. ನನಗೆ ಅವರು ಗೊತ್ತು.

ಈಗ ಅಧಿಕ ಮಾಸ ಶುರುವಾಗಿದೆ. "ಈ ತಿಂಗಳು ಹೊಸ ಕೆಲಸಕ್ಕೆ ಕೈ ಹಾಕಬ್ಯಾಡಪ್ಪ" ಅಂತ ಅತ್ತೆ ತಡೆದಿದ್ದಾರೆ. ಆ ಬೊಡ್ಡೆ ತಿಂಗಳು ಮುಗಿಯುವ ತನಕ ಹಾಗೇ ಇರುತ್ತದೆ. ಅಷ್ಟರಲ್ಲಿ ನಾನೇ ಏನಾದರೂ ಮಾಡುತ್ತೇನೆ.

ನೀಲಾ

⁂

ಬಳ್ಳಿಗಾವಿ
9-8-1958

ನೀಲಾ,

ಬರೆದಿಲ್ಲ. ಬರೆದ ಕಾಗದ ನನ್ನ ಪೆಟ್ಟಿಗೆಯಲ್ಲೇ ಇದೆ.

ಅವ್ವ ದಿನ ನೋಡಿಸಿದ್ದಾಳೆ. ಅಧಿಕ ಮಾಸ ಕಳೆದು ಶ್ರಾವಣ ಬಂದ ಮೇಲೆ, ಆಗಸ್ಟ್ ಇಪ್ಪತ್ತೈದರ ಸೋಮವಾರ ಸೀಮಂತದ ಕುಬಸ ತರುತ್ತೇವೆ. ಹಸಿರು ಸೀರೆ ತಂದಾಗಿದೆ. ಅವತ್ತೇ ನಿನ್ನನ್ನು ಬಾಣಂತನಕ್ಕೆ ಕರೆದುಕೊಂಡು ಬರುವುದು. ಅವ್ವ ಒಳಗೆ ಬರುತ್ತಾಳೆ. ನಾನು ಬಂಡಿಯ ಹತ್ತಿರ ಬೀದಿಯಲ್ಲಿ ನಿಂತಿರುತ್ತೇನೆ. ತಂಗಿಯ ಚೊಚ್ಚಲ ಕುಬಸಕ್ಕೆ ಬೀದಿಯಲ್ಲಿ ನಿಂತ ಅಣ್ಣ ನಾನೊಬ್ಬನೇ ಇರಬೇಕು. ಪರವಾಗಿಲ್ಲ, ನಿಲ್ಲುತ್ತೇನೆ.

ಮಹೇಶ್ವರಪ್ಪ

⁂

ಕುಪ್ಪಗಡ್ಡೆ
16-8-1958

ಅಣ್ಣನಿಗೆ ಶರಣು.

ನಾನು ಬರುವುದಿಲ್ಲ. ಕುಬಸ ತನ್ನಿ, ಉಡಿ ತುಂಬಿ, ಊಟ ಮಾಡಿ ಹೋಗಿ. ಬಾಣಂತನ ಇಲ್ಲೇ ಆಗಲಿ.

ಅತ್ತೆಯ ಮಂಡಿನೋವು, ಹಸು ಈಯುವುದಿದೆ ಅಂತೆಲ್ಲ ಇಲ್ಲಿ ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ನಾನು ಬಳ್ಳಿಗಾವಿಯಲ್ಲಿ ಮಲಗಿದ್ದರೆ ಸೋಮವಾರ ಬಾನೆಟ್ಟು ಎತ್ತುವವರು ಯಾರು? ಕಳೆದ ವಾರ ಬಗ್ಗಿ ತಂತಿ ಬಿಗಿಯುವಾಗ ಹೊಟ್ಟೆ ಅಡ್ಡ ಬಂತು, ಕಣ್ಣು ಕತ್ತಲೆ ಬಂದು ಚಕ್ರ ಹಿಡಿದು ಕೂತೆ. ಆದರೂ ಬಿಗಿದೆ. ಮಗುವಿಗೆ ತಾಯಿಯ ಮನೆ ಬೇಕು, ನನಗೆ ಗೊತ್ತಿದೆ. ಅದಕ್ಕೆ ಅಪ್ಪನೂ ಬೇಕು.

ನಿನ್ನೆಗೆ ಅಧಿಕ ಮಾಸ ಮುಗಿಯಿತು. ಇವರು ಸರಪಳಿಗೆ ಎಣ್ಣೆ ಹಚ್ಚುತ್ತಿದ್ದಾರೆ.

ಅವ್ವನಿಗೆ ಹೇಗೆ ಹೇಳುತ್ತೀಯೋ ಹೇಳು.

ನೀಲಾ

⁂

ಕುಪ್ಪಗಡ್ಡೆ
21-8-1958

ಭಾವ ಮಹೇಶ್ವರಪ್ಪನವರಿಗೆ ಬೆನಕಪ್ಪನ ಶರಣು.

ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಬಲಗೈಗೆ ಪಟ್ಟು ಕಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಂಗಿಗೆ ಹ್ಯಾಂಡಲ್ ಒದೆಯಿತು ಅಂತ ಹೇಳಿದ್ದೇನೆ. ಅದು ಸುಳ್ಳು.

ನಿನ್ನೆ ಬುಧವಾರ ಹೊನ್ನೆ ಬೊಡ್ಡೆಗೆ ಸರಪಳಿ ಕಟ್ಟಿದೆ. ಮೂತಿ ಎದ್ದಿತು. ಹಗ್ಗ ಜಗ್ಗಿದೆ. ಹಗ್ಗ ಹರಿದು ಕೈಗೆ ಬಂತು. ಇಂಜಿನ್ ನಿಲ್ಲಲಿಲ್ಲ. ನನಗೆ ಆಕಾಶ ಮಾತ್ರ ಕಾಣುತ್ತಿತ್ತು. ಆಗ ಸರಪಳಿಯ ಕೊಂಡಿ ಕಡಿಯಿತು, ಮೂತಿ ಬಂದು ನೆಲಕ್ಕೆ ಅಪ್ಪಳಿಸಿತು, ಕೈ ಸ್ಟೇರಿಂಗಿಗೆ ಸಿಕ್ಕಿ ಉಳುಕಿತು. ಹಳೆಯ ಕೊಂಡಿ ಕಡಿಯದಿದ್ದರೆ ಈ ಕಾಗದ ನಿಮಗೆ ಬೇರೆ ಯಾರೋ ಬರೆಯುತ್ತಿದ್ದರು. ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಎತ್ತು ನನ್ನ ಮಾತು ಕೇಳುತ್ತದೆ ಅಂತ ನಾನು ನಂಬಿದ್ದೆ ಅಂದುಕೊಂಡಿದ್ದೀರಾ? ಜುಲೈಯಲ್ಲಿ ಅದು ನಿಂತಾಗಲೇ ನನಗೆ ತಿಳಿಯಿತು. ನಿಂತ ಎತ್ತು ಉಸಿರಾಡುತ್ತದೆ ಭಾವ. ಇದು ಸತ್ತಿತ್ತು, ಮತ್ತೆ ಹ್ಯಾಂಡಲ್ ಹಾಕಬೇಕಾಯಿತು. ದನ ಕಾಯ್ದವನಿಗೆ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲವೇ? ಬಾನೆಟ್ಟು ಎತ್ತಿದೆ, ತಂತಿ ಕಂಡಿತು. ಯಾರ ಕೆಲಸ ಅಂತಲೂ ಕಂಡಿತು. ನಾನು ಬಾಯಿ ಬಿಡಲಿಲ್ಲ. ಒಪ್ಪಿಕೊಂಡರೆ ಆನವಟ್ಟಿಯಲ್ಲಿ ನೀವು ಹೇಳಿದ್ದನ್ನೂ ಒಪ್ಪಿಕೊಳ್ಳಬೇಕಿತ್ತು. ಊರಿನವರು ಹೊಗಳುವುದು ಹಿತವಾಗಿತ್ತು. ಹಗ್ಗ ಇದೆಯಲ್ಲ ಅನ್ನುವ ಧೈರ್ಯವೂ ಬಂತು. ತೂಕ ಬಿಚ್ಚಿದ್ದು ಆ ಧೈರ್ಯದ ಮೇಲೆ.

ಕ್ಲಚ್ಚು ತುಳಿಯಬೇಕು ಅಂತ ನನಗೆ ಗೊತ್ತು. ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಕೂತು ತುಳಿದು ತುಳಿದು ಕಲಿತಿದ್ದೇನೆ ಅಂದುಕೊಂಡಿದ್ದೆ. ನಿನ್ನೆ ಕಾಲು ಎಲ್ಲಿತ್ತು ಗೊತ್ತೇ? ಮೇಲಿತ್ತು. ಎರಡೂ ಮೇಲಿದ್ದವು. ನೀವು ಅವತ್ತು ನೋಡಿದ ಹಾಗೆಯೇ.

ಹರಿದ ಹಗ್ಗವನ್ನು ಗಂಟು ಹಾಕಿ, ತಂತಿ ಸುತ್ತಿ, ಮೊದಲಿನ ಹಾಗೆ ಇಟ್ಟಿದ್ದೇನೆ. ಅವಳಿಗೆ ತಿಳಿದರೆ ತವರಿಗೆ ಹೆಜ್ಜೆ ಇಡುವುದಿಲ್ಲ. ಈಗಲೇ ಬರುವುದಿಲ್ಲ ಅನ್ನುತ್ತಿದ್ದಾಳೆ. ಅವ್ವನ ಮಂಡಿನೋವು ಅನ್ನುತ್ತಾಳೆ, ಹಸು ಅನ್ನುತ್ತಾಳೆ. ಅವಳು ಬಾನೆಟ್ಟಿನ ಕೆಳಗೆ ಬಗ್ಗಿ ಏದುಸಿರು ಬಿಡುವುದನ್ನು ನಾನು ಸೋಮವಾರ ಬೇಲಿಯ ಮರೆಯಿಂದ ನೋಡಿದ್ದೇನೆ. ನೋಡಿಯೂ ಆನವಟ್ಟಿಗೆ ಹೋಗಿದ್ದೇನೆ. ನಾಚಿಕೆಯಾಗುತ್ತದೆ.

ನೀವು ಸೋಮವಾರ ಬನ್ನಿ. ಬೀದಿಯಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ. ಬಂದು ನನ್ನ ಕಾಲಿಗೆ ಕಲಿಸಿ. "ಹೂಡೋದು ಬ್ಯಾಡ, ಕಲಿಯೋದಕ್ಕೆ ಸೋಮವಾರ ಅಡ್ಡಿಯಿಲ್ಲ" ಅಂತ ಅವ್ವ ಹೇಳಿದ್ದಾಳೆ. ಬೇಕಾದರೆ ಊರವರ ಎದುರಿಗೇ ಬಯ್ಯಿರಿ. ಹಗ್ಗ ಹರಿದದ್ದನ್ನು ಮಾತ್ರ ಅವಳಿಗೆ ಹೇಳಬೇಡಿ.

ಬೆನಕಪ್ಪ

⁂

ಬಳ್ಳಿಗಾವಿ
27-8-1958

ಯಜಮಾನರ ಪಾದಗಳಿಗೆ ನೀಲಾಂಬಿಕೆಯ ಶರಣು.

ಸುಖವಾಗಿ ಬಂದು ಸೇರಿದೆವು. ಬಂಡಿ ಕುಲುಕಿದ್ದಕ್ಕೆ ಸೊಂಟ ಸ್ವಲ್ಪ ನೋವು, ಅವ್ವ ಬಿಸಿನೀರು ಹಾಕಿದಳು. ನಿಮಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಎದುರಿಗೆ ಆಡಲು ಆಗದ್ದನ್ನು ಬರೆಯುವುದು ಸುಲಭ ಅಂತ ಈ ವರ್ಷ ಕಲಿತೆ.

ಅಣ್ಣ ನನಗೆ ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಕೇಳಿದೆ, ಎತ್ತು ಹೊಡೆಯುತ್ತಲೇ ಇದ್ದ. ಅವನು ಹೇಳಬೇಕಾಗಿಯೂ ಇರಲಿಲ್ಲ. ಉಡಿ ತುಂಬುವ ಮೊದಲು, ನೀವಿಬ್ಬರೂ ಜಗಲಿಯಲ್ಲಿ ಕಾಫಿ ಕುಡಿಯುವಾಗ ನಾನು ಕೊಟ್ಟಿಗೆಗೆ ಹೋಗಿದ್ದೆ. ನಾನು ಗಂಟು ಹಾಕಿದರೆ ತುದಿಯನ್ನು ಒಳಕ್ಕೆ ಸಿಕ್ಕಿಸುತ್ತೇನೆ. ಅದರಲ್ಲಿ ತುದಿ ಹೊರಗಿತ್ತು, ಎತ್ತು ಕಟ್ಟುವ ಹಗ್ಗಕ್ಕೆ ನೀವು ಹಾಕುವ ಗಂಟು ಅದು. ನಿಮ್ಮ ಕೈಯ ಪಟ್ಟನ್ನೂ ನೋಡಿದೆ. ಹ್ಯಾಂಡಲ್ ಒದೆದರೆ ಮಣಿಕಟ್ಟಿನ ಆ ಕಡೆ ಊದುವುದಿಲ್ಲ ರೀ.

ನನಗೆ ಕೂಗಾಡಬೇಕು ಅನ್ನಿಸಿತ್ತು. ಹಸಿರು ಸೀರೆ ಬಿಚ್ಚಿಟ್ಟು, ಬರುವುದಿಲ್ಲ ಅಂತ ಕೂತುಬಿಡಬೇಕು ಅನ್ನಿಸಿತ್ತು. ಆಗ ಅಂಗಳದಲ್ಲಿ ಅಣ್ಣನ ದನಿ ಕೇಳಿತು, "ಕಾಲು ಭಾವ, ಕಾಲು" ಅಂತ. ನೀವು "ಮತ್ತೊಂದು ಸಲ ಹೇಳಿ ಭಾವ" ಅಂದಿರಿ. ಹನುಮಂತಪ್ಪನವರು ಬೇಲಿಯಾಚೆ ನಿಂತು ನೋಡುತ್ತಿದ್ದರು, ನಿಮಗೆ ಕಂಡಿತ್ತು. ಆದರೂ ಅಂದಿರಿ. ಆ ಮಾತಿಗೆ ನಾನು ಬಂಡಿ ಹತ್ತಿದೆ.

ಕಿಟಕಿಯಿಂದ ತುಂಬಾ ಹೊತ್ತು ನೋಡಿದ್ದೇನೆ. ಅಣ್ಣ ಹಠಾತ್ತನೆ ಕೂಗಿದಾಗಲೆಲ್ಲ ಬಹಳ ಸಲ ಕಾಲು ಸರಿಯಾಗಿ ಇಳಿಯಿತು. ಒಂದೊಂದು ಸಲ ಕೈಯೇ ಮೊದಲು ಹಗ್ಗಕ್ಕೆ ಹೋಯಿತು. ನೀವು ಗಮನಿಸಿದಿರೋ ಇಲ್ಲವೋ, ನಾನು ಗಮನಿಸಿದೆ.

ಅದಕ್ಕೇ ಹೊರಡುವ ಮೊದಲು ಹಗ್ಗ, ತಂತಿ ಎರಡನ್ನೂ ಬಿಚ್ಚಿ ಉಡಿಯಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಅಕ್ಕಿ, ಕೊಬ್ಬರಿ, ಬೆಲ್ಲದ ಕೆಳಗೆ ಇತ್ತು. ನೀವು ಇಷ್ಟು ಹೊತ್ತಿಗೆ ನೋಡಿರುತ್ತೀರಿ. ಇನ್ನು ನಿಮ್ಮ ಕೈಗೆ ಎಳೆಯಲು ಏನೂ ಇಲ್ಲ. ಕಾಲನ್ನೇ ನಂಬಬೇಕು. ತೂಕಗಳನ್ನು ಅಣ್ಣ ಬಿಗಿದಿದ್ದಾನೆ, ಬಿಚ್ಚಬೇಡಿ. ಸರಪಳಿ ಕೆಳಗಿರಲಿ. ಆ ಹೊನ್ನೆ ಬೊಡ್ಡೆ ಅಲ್ಲೇ ಕೂತಿರಲಿ, ಅದು ಯಾರಿಗೂ ಏನೂ ಮಾಡಿಲ್ಲ.

ಸೋಮವಾರ ಆನವಟ್ಟಿಗೆ ಹೋದಾಗ ಒಂದು ಕಾರ್ಡು ಹಾಕಿ. ಪ್ರತಿ ಸೋಮವಾರ. ಹೆಚ್ಚು ಬರೆಯುವುದು ಬೇಡ, ಕಾಲು ಇಳಿಯಿತು ಅಂತ ಬರೆದರೆ ಸಾಕು. ಕಾರ್ಡು ಬಾರದ ವಾರ ನಾನು ಯಾವ ಸ್ಥಿತಿಯಲ್ಲಿದ್ದರೂ, ಮಗುವನ್ನು ಎತ್ತಿಕೊಂಡೋ ಹೊಟ್ಟೆಯಲ್ಲಿಟ್ಟುಕೊಂಡೋ, ಎದ್ದು ಬರುತ್ತೇನೆ.

ಅತ್ತೆಗೆ ಮಂಡಿಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳಲು ಹೇಳಿ.

ನಿಮ್ಮ
ನೀಲಾಂಬಿಕೆ